ಏಣಿನ ಮೇಲೊಂದು ರಾಜಧಾನಿ: ಮಡಿಕೇರಿ ಹೀಗಿರುವುದು ಯಾಕೆ?

2011ರ ಜನಗಣತಿ ಪ್ರಕಾರ ಮಡಿಕೇರಿ ನಗರದ ಜನಸಂಖ್ಯೆ 33,381. ಬೆಂಗಳೂರಿನಲ್ಲಾದರೆ ಒಂದೆರಡು ಬಡಾವಣೆಗೇ ಇಷ್ಟು ಜನ ಸಿಗುತ್ತಾರೆ. ಆದರೆ ಇಷ್ಟೇ ಇಷ್ಟು ಊರಲ್ಲಿ ಕೋಟೆ ಇದೆ, ಅರಮನೆ ಇದೆ, ರಾಜರ ಸಮಾಧಿಗಳಿರುವ ಗದ್ದುಗೆ ಇದೆ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ನ್ಯಾಯಾಲಯ, ವೈದ್ಯಕೀಯ ಕಾಲೇಜು, ಆಕಾಶವಾಣಿ ಕೇಂದ್ರ ಇವೆ. 1957ರಿಂದ ಬರುತ್ತಿರುವ 'ಶಕ್ತಿ' ದಿನಪತ್ರಿಕೆ ಇದೆ. ಕೊಡವ ಭಾಷೆಗೊಂದು, ಅರೆಭಾಷೆಗೊಂದು ಅಕಾಡೆಮಿ ಇದೆ. ಒಂದು ಕಾಲದಲ್ಲಿ ಇಲ್ಲಿ ವಿಧಾನಸಭೆಯೂ ಇತ್ತು, ಮುಖ್ಯಮಂತ್ರಿಯೂ ಇದ್ದರು.

ಹೊರಗಿನಿಂದ ಬಂದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಇಷ್ಟು ಚಿಕ್ಕ ಊರಲ್ಲಿ ಇಷ್ಟೊಂದು ವಾಹನ ಯಾಕೆ? ಇಷ್ಟು ಮಳೆ ಸುರಿಯುವ ಕಡೆ ಏಪ್ರಿಲ್‌ನಲ್ಲಿ ನೀರಿಗೆ ತತ್ವಾರ ಯಾಕೆ? ಪ್ರತಿ ಮಳೆಗಾಲ ಎಲ್ಲಾದರೂ ಒಂದು ಕಡೆ ಬರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ, ಜರಿಯುವುದು ಯಾಕೆ? ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ನಾಡನ್ನು ಆಳಲು ಅಂತ ಬೆಟ್ಟದ ಏಣಿನ ಮೇಲೆ, ಅಂದರೆ ಎರಡೂ ಕಡೆ ಇಳಿಜಾರಿರುವ ನೆತ್ತಿಯ ಮೇಲೆ, ಕಟ್ಟಿದ ಊರು ಇದು. ಆಳುವ ಕೆಲಸ ಬೆಳೆಯುತ್ತಾ ಹೋಯಿತು. ಜಾಗ ಮಾತ್ರ ಅಷ್ಟೇ ಇದೆ.

ನೀರು ಎರಡು ಕಡೆ ಇಳಿಯುವ ಜಾಗ

ಹೆಂಚಿನ ಮನೆಯ ಮಾಡನ್ನು ನೆನಪಿಸಿಕೊಳ್ಳಿ. ಮೇಲೆ ಏಣು, ಎರಡೂ ಕಡೆ ಇಳಿಜಾರು. ಮಳೆ ನೀರು ಒಂದಿಷ್ಟು ಅಂಗಳಕ್ಕೆ, ಒಂದಿಷ್ಟು ಹಿತ್ತಲಿಗೆ. ಮಡಿಕೇರಿ ಕುಳಿತಿರುವುದು ಅಂಥ ಏಣಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿ.

ರಾಜಾಸೀಟಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ನೆಲ ಒಮ್ಮೆಲೇ ಕೆಳಗಿಳಿಯುತ್ತದೆ. ಆ ಕಡೆ ಮದೆನಾಡು, ಜೋಡುಪಾಲ ದಾಟಿ ಸಂಪಾಜೆ ಮುಟ್ಟುವಷ್ಟರಲ್ಲಿ ರಸ್ತೆ ಸುಮಾರು 1,000 ಮೀಟರ್ ಇಳಿದಿರುತ್ತದೆ. ದೂರ ಮಾತ್ರ 25 ಕಿಲೋಮೀಟರ್ ಚಿಲ್ಲರೆ. ಕಿವಿ ಮುಚ್ಚಿಕೊಳ್ಳುವುದು ಅದಕ್ಕೇ. ಸಂಪಾಜೆ ಕಡೆಗೆ ಇಳಿದ ನೀರು ಪಯಸ್ವಿನಿ ಸೇರಿ, ಸುಳ್ಯ ದಾಟಿ, ಕಾಸರಗೋಡಿನ ಬಳಿ ಚಂದ್ರಗಿರಿ ಹೊಳೆಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಕಡೆಗೆ ಇಳಿದದ್ದು ಅಬ್ಬಿ ಜಲಪಾತವಾಗಿ ಧುಮುಕಿ, ಹಾರಂಗಿ ಸೇರಿ, ಕಾವೇರಿಯಾಗಿ ತಮಿಳುನಾಡು ಹಾಯ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದ ನೀರು ಎರಡು ಸಮುದ್ರಕ್ಕೆ!

ಊರಿನ ಆಕಾರವೂ ಈ ಏಣು ಹೇಳಿದ ಹಾಗೆಯೇ ಇದೆ. ಇಲ್ಲಿ ನೇರ ರಸ್ತೆ ಅಂತ ಹುಡುಕಬೇಡಿ. ಕೋಟೆಯ ಗುಡ್ಡ ಒಂದು, ಸ್ಟುವರ್ಟ್ ಹಿಲ್ ಇನ್ನೊಂದು, ರಾಜಾಸೀಟಿನ ದಿಣ್ಣೆ ಮತ್ತೊಂದು. ನಡುವಿನ ತಗ್ಗಿನಲ್ಲಿ ಓಂಕಾರೇಶ್ವರ ದೇವಸ್ಥಾನ ಮತ್ತು ಅದರ ಕೆರೆ. ಕಾಲೇಜು ರಸ್ತೆ, ಮಹದೇವಪೇಟೆ, ಗೌಳಿಬೀದಿ ಎಲ್ಲ ಗುಡ್ಡದ ಮೈಯನ್ನು ಬಳಸಿಕೊಂಡು ಏರಿ ಇಳಿಯುತ್ತವೆ. ಒಂದು ಮನೆಯ ಅಂಗಳ ಕೆಳಗಿನ ಮನೆಯ ಮಾಡಿನ ಮಟ್ಟಕ್ಕೆ ಇರುವುದು ಇಲ್ಲಿ ಮಾಮೂಲಿ. ದೊಡ್ಡ ಸಮತಟ್ಟು ಜಾಗ ಅಂದರೆ ಕೋಟೆಯ ಒಳಭಾಗ, ಗಾಂಧಿ ಮೈದಾನ, ಮ್ಯಾನ್ಸ್ ಕಾಂಪೌಂಡ್ ಹೀಗೆ ಬೆರಳೆಣಿಕೆಯಷ್ಟು. ಸಭೆ, ಸಮಾರಂಭ, ಕ್ರೀಡೆ, ಪಾರ್ಕಿಂಗ್ ಎಲ್ಲಕ್ಕೂ ಅವೇ.

ಇಲ್ಲೇ ಯಾಕೆ ರಾಜಧಾನಿ

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ. ಈಗಿನ ನಕ್ಷೆ ನೋಡಿದರೆ ಮಡಿಕೇರಿ ಕೊಡಗಿನ ಪಶ್ಚಿಮ ಅಂಚಿಗೆ ಸರಿದಂತೆ ಕಾಣುತ್ತದೆ. ಆದರೆ ಕೊಡಗಿನ ಅರಸರ ಆಳ್ವಿಕೆ ಮುಂದೆ ಘಟ್ಟದ ಕೆಳಗಿನ ಅಮರಸುಳ್ಯದ ಕಡೆಗೂ ಚಾಚಿತು. ಆ ನಕ್ಷೆಯಲ್ಲಿ ಈ ಏಣು ಅಂಚಲ್ಲ, ನಡು. ಮೈಸೂರು ಸೀಮೆಯಿಂದ ಕರಾವಳಿಗೆ ಇಳಿಯುವ ದಾರಿ ಇಲ್ಲೇ ಹಾಯುತ್ತದೆ. ಶತ್ರು ಯಾವ ಕಡೆಯಿಂದ ಬಂದರೂ ಏರಿ ಬರಬೇಕು. ಮೇಲಿದ್ದವನಿಗೆ ಅದೇ ಅನುಕೂಲ.

ಹಾಗಂತ ಕೋಟೆ ಕೈ ಬದಲಾಗದೆ ಉಳಿಯಲಿಲ್ಲ. ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ವಾಪಸು ಪಡೆದ. ಈಗ ಕಾಣುವ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812–14ರ ಹೊತ್ತಿನದು. 1820ರ ಓಂಕಾರೇಶ್ವರ ದೇವಸ್ಥಾನವೂ ಅವನದೇ. ಗುಮ್ಮಟ, ಮೂಲೆಯಲ್ಲಿ ಮಿನಾರಿನಂಥ ಗೋಪುರ, ಒಳಗೆ ಶಿವಲಿಂಗ. ಮೊದಲ ಸಲ ನೋಡಿದವರು ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ. ಗದ್ದುಗೆಯ ಗುಮ್ಮಟಗಳೂ ಇದೇ ಮಾದರಿ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತನ್ನದಾಗಿಸಿಕೊಂಡಿತು. ಅಮರಸುಳ್ಯದ ಕಡೆಯನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿತು. 1837ರಲ್ಲಿ ಅಲ್ಲಿಂದ ಎದ್ದ ದಂಗೆಗೆ ಈ ಬೇರ್ಪಡೆಯ ಸಿಟ್ಟೂ ಒಂದು ಕಾರಣ. ರಾಜ ಹೋದ, ರಾಜಧಾನಿ ಮಾತ್ರ ಹೋಗಲಿಲ್ಲ. ಕೊಡಗು ಮೈಸೂರಿಗೂ ಸೇರದೆ, ಮದರಾಸಿಗೂ ಸೇರದೆ, ಬೇರೆಯದೇ ಪ್ರಾಂತ್ಯವಾಗಿ ಉಳಿಯಿತು. ಪುಟ್ಟ ಪ್ರಾಂತ್ಯವಾದರೂ ಕಮಿಷನರ್, ಖಜಾನೆ, ಕೋರ್ಟು, ಜೈಲು ಎಲ್ಲ ಬೇಕೇ ಬೇಕಲ್ವಾ? ಎಲ್ಲ ಬಂದು ಕುಳಿತದ್ದು ಮಡಿಕೇರಿಯಲ್ಲಿ. ಕೋಟೆಯ ಒಳಗೇ ಒಂದು ಚರ್ಚ್ ಬಂತು. ಅದೀಗ ವಸ್ತುಸಂಗ್ರಹಾಲಯ.

1924ರಲ್ಲಿ ಶಾಸನ ಪರಿಷತ್ತು ಬಂತು. ಸ್ವಾತಂತ್ರ್ಯದ ನಂತರ ಕೊಡಗು 'ಸಿ' ದರ್ಜೆಯ, ಅಂದರೆ ಕೇಂದ್ರದ ಹಿಡಿತ ಹೆಚ್ಚಿದ್ದ, ರಾಜ್ಯವಾಯಿತು. 1952ರ ಚುನಾವಣೆಯಲ್ಲಿ 24 ಜನರ ವಿಧಾನಸಭೆ ರಚನೆಯಾಗಿ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಇವತ್ತು ಇಡೀ ಕೊಡಗಿಗೆ ಇರುವುದು ಇಬ್ಬರು ಶಾಸಕರು. 24 ಎಲ್ಲಿ, 2 ಎಲ್ಲಿ! ಹಿರಿಯರ ಮಾತಿನಲ್ಲಿ 'ಕೊಡಗು ರಾಜ್ಯ ಇದ್ದಾಗ' ಅನ್ನುವುದು ಆಗಾಗ ಬರುತ್ತದೆ. ಅದು ಸುಮ್ನೆ ಹಳೆಯ ನೆನಪಲ್ಲ. ರಾಜಧಾನಿ ಅನ್ನುವ ಪಟ್ಟ ಹೋದರೂ ಕೆಲಸ ಅಷ್ಟೂ ಇಲ್ಲೇ ಉಳಿಯಿತು. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್, ಜನ 2011ರ ಲೆಕ್ಕದಲ್ಲಿ 5.5 ಲಕ್ಷ. ದಕ್ಷಿಣ ತುದಿಯ ಕುಟ್ಟದಿಂದ ಇಲ್ಲಿಗೆ ಸುಮಾರು 80 ಕಿಲೋಮೀಟರ್. ಉತ್ತರದ ಶನಿವಾರಸಂತೆಯೂ ಹತ್ತಿರವಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಕಡತದ ಕೆಲಸ ಅಂದರೆ ಇವರಿಗೆಲ್ಲ ಒಂದು ದಿನ ಹೋಯಿತು ಅಂತಲೇ ಅರ್ಥ. ಮಡಿಕೇರಿಯ ರಸ್ತೆಯಲ್ಲಿ ಹಗಲು ಓಡಾಡುವವರಲ್ಲಿ ಊರಿನವರಷ್ಟೇ ಅಲ್ಲ, ಇಡೀ ಜಿಲ್ಲೆಯವರು ಇರುತ್ತಾರೆ. ವಾರಾಂತ್ಯಕ್ಕೆ ಪ್ರವಾಸಿಗರು ಬೇರೆ.

ಇಂಚಿನ ಲೆಕ್ಕ

ಮಳೆಗಾಲದಲ್ಲಿ ಮಡಿಕೇರಿಯ ಯಾವುದೇ ಹೋಟೆಲಲ್ಲಿ ಕಾಫಿ ಕುಡಿಯುತ್ತಾ ಕುಳಿತರೆ ಕಿವಿಗೆ ಬೀಳುವ ಮಾತು ಹೀಗಿರುತ್ತದೆ:

"ನಿಮ್ಮಲ್ಲಿ ಎಷ್ಟಾಯ್ತು ನಿನ್ನೆ?"

"ಆರೂವರೆ. ನಿಮ್ಮಲ್ಲಿ?"

"ನಮ್ಮಲ್ಲಿ ನಾಲ್ಕೇ."

ಇದು ಇಂಚಿನ ಲೆಕ್ಕ. ಹವಾಮಾನ ಇಲಾಖೆ ಮಿಲಿಮೀಟರ್‌ನಲ್ಲಿ ಹೇಳಲಿ, ಇಲ್ಲಿ ತೋಟದವರು ಅಳೆಯುವುದು ಇಂಚಿನಲ್ಲಿ. ಎಷ್ಟೋ ತೋಟದ ಮನೆಗಳಲ್ಲಿ ಅಂಗಳದ ಮೂಲೆಗೆ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ನೋಡಿ, ಪುಸ್ತಕದಲ್ಲಿ ಬರೆದಿಟ್ಟ ಮೇಲೆಯೇ ಮುಂದಿನ ಕೆಲಸ. ಕಾಫಿ ಬೆಳೆಗಾರರಿಗೆ ಇದು ಹೊಟ್ಟೆಪಾಡಿನ ಲೆಕ್ಕ. ಫೆಬ್ರವರಿ–ಮಾರ್ಚ್‌ನಲ್ಲಿ ಹೂ ಮಳೆ ಒಂದು ಇಂಚು ಬಿದ್ದರೆ ಆ ವರ್ಷದ ಫಸಲಿಗೆ ದಾರಿ. ಕಾಲಿಂಚು ಬಿದ್ದು ನಿಂತರೆ ಮೊಗ್ಗು ಅರೆಬರೆ ಅರಳಿ ಹಾಳು.

ಮಡಿಕೇರಿಗೆ ವರ್ಷಕ್ಕೆ ಸರಾಸರಿ 3,200 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಂದರೆ 125 ಇಂಚಿನ ಮೇಲೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗಿ ಸುರಿಯುತ್ತದೆ. ಏಣು ದಾಟಿ ಪೂರ್ವಕ್ಕೆ ಹೋಗುವಷ್ಟರಲ್ಲಿ ಮೋಡದಲ್ಲಿ ಉಳಿದದ್ದು ಕಡಿಮೆ. ಅದಕ್ಕೇ 30 ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಮಡಿಕೇರಿಯ ಮೂರನೇ ಒಂದು ಪಾಲಿನ ಆಸುಪಾಸು ಮಾತ್ರ ಮಳೆ. ಪಶ್ಚಿಮಕ್ಕೆ ಸರಿದ ಭಾಗಮಂಡಲದಲ್ಲಿ ಮಡಿಕೇರಿಗಿಂತಲೂ ಎಷ್ಟೋ ಹೆಚ್ಚು. ಜುಲೈಯಲ್ಲಿ ಇಲ್ಲಿಂದ ಸ್ವೆಟರ್ ಹಾಕಿಕೊಂಡು ಬಸ್ ಹತ್ತಿದವರು ಕುಶಾಲನಗರದಲ್ಲಿ ಬಿಸಿಲಿಗೆ ಅದನ್ನು ಬಿಚ್ಚಿ ಚೀಲಕ್ಕೆ ತುರುಕುವುದು ಇದರಿಂದ.

ಮನೆಯೊಳಗಿನ ಬದುಕೂ ಆ ನಾಲ್ಕು ತಿಂಗಳು ಬೇರೆಯೇ. ಬಟ್ಟೆ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲಿ. ಹಾಗಾಗಿ ಶಾಲೆಗೆ ಹೋಗುವ ಮಕ್ಕಳ ಸಮವಸ್ತ್ರಕ್ಕೆ ಹೊಗೆಯ ವಾಸನೆ. ಚಪ್ಪಲಿಗೆ, ಬೆಲ್ಟಿಗೆ, ಬೀರುವಿನ ಒಳಗಿಟ್ಟ ರೇಷ್ಮೆ ಸೀರೆಗೂ ಬೂಸ್ಟು ಹಿಡಿಯುತ್ತದೆ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ. ಬೆಳಿಗ್ಗೆ ಎದ್ದ ಮಕ್ಕಳು ಮೊದಲು ಕೇಳುವುದು "ಡಿಸಿ ರಜೆ ಕೊಟ್ರಾ?" ಅಂತ. ಅಡುಗೆಮನೆಗೆ ಮಾತ್ರ ಇದು ಸಮೃದ್ಧಿಯ ಕಾಲ. ಕಣಿಲೆ, ಮರಕೆಸ, ಅಣಬೆ, ಗದ್ದೆಯ ಏಡಿ ಎಲ್ಲ ಆಗಲೇ. ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಆಗಲೇಬೇಕು. ಸೊಪ್ಪನ್ನು ನೀರಲ್ಲಿ ಕುದಿಸಿದರೆ ಕಡು ನೇರಳೆ ಬಣ್ಣ ಬಿಡುತ್ತದೆ. ಆ ನೀರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನಕಾಯಿ ಹಾಕುತ್ತಾರೆ. ಮಳೆಯಲ್ಲಿ ಗದ್ದೆ ಕೆಲಸ ಮಾಡಿ ದಣಿದ ಮೈಗೆ ಇದು ಔಷಧಿ ಅಂತ ಇಲ್ಲಿನವರ ನಂಬಿಕೆ.

ಇಷ್ಟೆಲ್ಲ ಮಳೆ ಬಂದೂ ಏಪ್ರಿಲ್‌ಗೆ ನಲ್ಲಿ ಯಾಕೆ ಒಣಗುತ್ತದೆ? ಏಣಿನ ಮೇಲೆ ನೀರು ನಿಲ್ಲುವುದಿಲ್ಲ, ಅಷ್ಟೇ. ಹೊಳೆಗಳೆಲ್ಲ ದೊಡ್ಡದಾಗುವುದು ಕೆಳಗೆ ಇಳಿದ ಮೇಲೆ. ಊರಿನ ಮೇಲೆ ಹರಿಯುವಷ್ಟು ಎತ್ತರದಲ್ಲಿ ಹೊಳೆಯೇ ಇಲ್ಲ. ಮಡಿಕೇರಿ ಕುಡಿಯುವ ನೀರಿಗೆ ಮುಖ್ಯವಾಗಿ ಕೂಟುಹೊಳೆಯನ್ನು ನಂಬಿದೆ. ಅಲ್ಲಿಂದ ಪಂಪು ಮಾಡಿ ಮೇಲಕ್ಕೆ ತರಬೇಕು. ಜೊತೆಗೆ ಕುಂಡಾಮೇಸ್ತ್ರಿ ಯೋಜನೆಯ ನೀರು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ, ಅಥವಾ ಕರೆಂಟು ಕೈಕೊಟ್ಟರೆ, ಮೇಲಿನ ಬಡಾವಣೆಗಳಿಗೆ ನೀರು ಏರುವುದಿಲ್ಲ. ಕೊಡಗಿನ ನೀರು ಕಾವೇರಿಯಾಗಿ ಬೆಂಗಳೂರಿನ ನಲ್ಲಿ ತುಂಬುವ ಅದೇ ತಿಂಗಳು ಮಡಿಕೇರಿಯ ಮನೆಗಳಲ್ಲಿ ಕೊಡ ಸಾಲು ನಿಂತಿರುತ್ತದೆ. ಇದು ಯಾರಿಗಾದರೂ ನೋವಾಗುವ ಸಂಗತಿ. ಇಷ್ಟು ಮಾಡುಗಳ ಮೇಲೆ ಬೀಳುವ 125 ಇಂಚಿನಲ್ಲಿ ಒಂದಂಶವನ್ನಾದರೂ ತೊಟ್ಟಿಯಲ್ಲಿ ಹಿಡಿದಿಡುವುದು ಪ್ರತಿ ಹೋಟೆಲಿಗೂ, ಪ್ರತಿ ಹೋಂಸ್ಟೇಗೂ ಕಡ್ಡಾಯ ಆಗಬೇಕು ಅಂತ ನನಗನ್ನಿಸುತ್ತದೆ.

ಬರೆ ಜರಿಯುವುದು ಹೇಗೆ

ರಸ್ತೆಗೋ ಮನೆಗೋ ಗುಡ್ಡವನ್ನು ಕಡಿದಾಗ ಹಿಂದೆ ಉಳಿಯುವ ನೆಟ್ಟಗಿನ ಮಣ್ಣಿನ ಗೋಡೆಯನ್ನು ಇಲ್ಲಿ ಬರೆ ಅನ್ನುತ್ತೇವೆ. ಅದರ ಲೆಕ್ಕ ಅರ್ಥವಾಗಲು ಒಂದು ಅಂಕಿ ಸಾಕು. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು, ಅಂದರೆ 100 ಟನ್ ತೂಕ. ನಾಲ್ಕೈದು ದಿನದಲ್ಲಿ 20 ಇಂಚು ಬಿದ್ದರೆ 2,000 ಟನ್. ಹರಿದು ಹೋದದ್ದು ಹೋಯಿತು. ಉಳಿದದ್ದು ಮಣ್ಣಿನೊಳಗೆ.

ಇಲ್ಲಿನ ಗುಡ್ಡಗಳಲ್ಲಿ ಮೇಲೆ ದಪ್ಪ ಕೆಂಪು ಮಣ್ಣು, ಕೆಳಗೆ ಗಟ್ಟಿ ಬಂಡೆ. ನೀರು ಮಣ್ಣಿನಲ್ಲಿ ಇಳಿಯುತ್ತದೆ, ಬಂಡೆ ತಾಗಿ ನಿಲ್ಲುತ್ತದೆ. ಮಣ್ಣು ಭಾರವಾಗುತ್ತದೆ. ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಗುಡ್ಡದ ಬುಡ ಗಟ್ಟಿಯಾಗಿದ್ದರೆ ಅದು ಇಷ್ಟನ್ನೂ ತಡೆದು ನಿಲ್ಲಬಹುದು. ಬುಡವನ್ನೇ ಕಡಿದಿದ್ದರೆ? 2018ರ ಆಗಸ್ಟ್‌ನಲ್ಲಿ ಕಂಡದ್ದು ಅದನ್ನೇ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲಗಳಲ್ಲಿ ಮನೆ, ತೋಟ, ಗದ್ದೆ, ಜೀವ ಎಲ್ಲ ಕೊಚ್ಚಿಹೋದವು. ನಗರದೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದ ಮನೆಗಳು ಕುಸಿದವು. ಮಳೆ ಅಸಾಧಾರಣವಾಗಿತ್ತು, ನಿಜ. ಆದರೆ ರಸ್ತೆಗೆ, ಮನೆಗೆ, ತೋಟಕ್ಕೆ ಅಂತ ಇಳಿಜಾರಿನ ರೂಪವನ್ನೇ ಬದಲಿಸಿದ್ದು ದೊಡ್ಡ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಹೇಳಿದರು. ಇಂದಿರಾನಗರದಂಥ ಕಡೆ ಇಳಿಜಾರಿನಲ್ಲಿ ಮನೆ ಕಟ್ಟಿದವರು ಶ್ರೀಮಂತರಲ್ಲ. ಸಮತಟ್ಟು ಜಾಗ ಕೊಳ್ಳುವ ಶಕ್ತಿ ಇಲ್ಲದವರು. ಈ ಮಾತನ್ನು ಮರೆತು ಅತಿಕ್ರಮಣ ಅಂತ ಬೈಯುವುದು ಸರಿಯಲ್ಲ.

ತಡೆಗೋಡೆ ಇದ್ದರೆ ಸಾಕು ಅಂತ ಹಲವರು ಅಂದುಕೊಳ್ಳುತ್ತಾರೆ. ಗೋಡೆಗಿಂತ ಮುಖ್ಯ ಅದರೊಳಗಿನ ತೂತು. ಒಳ್ಳೆಯ ತಡೆಗೋಡೆಯಲ್ಲಿ ಸಾಲಾಗಿ ಪೈಪಿನ ತುಂಡುಗಳು ಹೊರಗೆ ಮೂತಿ ಚಾಚಿರುತ್ತವೆ. ಹಿಂದೆ ಜಲ್ಲಿ ತುಂಬಿರುತ್ತದೆ. ಜೋರು ಮಳೆಯಲ್ಲಿ ಆ ಪೈಪುಗಳಿಂದ ನೀರು ಬರುತ್ತಿರಬೇಕು, ತಿಳಿಯಾಗಿ ಬರಬೇಕು. ಕೆಂಪಗೆ ಬಂದರೆ ಒಳಗಿನ ಮಣ್ಣು ಹೋಗುತ್ತಿದೆ ಅಂತ. ಬರುತ್ತಿದ್ದ ನೀರು ಮಳೆಯ ನಡುವೆ ತಟ್ಟನೆ ನಿಂತರೆ ಇನ್ನೂ ಅಪಾಯ. ಒಳಗೆ ಕಟ್ಟಿಕೊಂಡ ನೀರು ಗೋಡೆಯನ್ನು ನೂಕಲು ಶುರು ಮಾಡಿರುತ್ತದೆ. ಮೇಲಿನ ಅಂಗಳದಲ್ಲಿ ಹೊಸ ಬಿರುಕು, ವಾಲಿದ ಕರೆಂಟು ಕಂಬ, ಹಿಂದೆಂದೂ ಇಲ್ಲದ ಕಡೆ ಎದ್ದ ಒರತೆ ಇವು ಕಂಡರೆ ಮನೆ ಬಿಟ್ಟು ಹೊರಡಬೇಕು. ಸಾಮಾನು ಆಮೇಲೆ.

ಒಂದು ಶುಕ್ರವಾರ

ಕೊಡಗಿಗೆ ರೈಲಿಲ್ಲ. ಎಲ್ಲವೂ ಟೈರಿನ ಮೇಲೆ ಬರಬೇಕು. ಕರಾವಳಿಯ ಮೀನು ಬೆಳಿಗ್ಗೆ ಸಂಪಾಜೆ ಘಾಟಿ ಹತ್ತಿ ಬರುತ್ತದೆ. ತರಕಾರಿಯ ಬಹುಪಾಲು ಮೈಸೂರಿನ ಕಡೆಯಿಂದ. 2018ರಲ್ಲಿ ಜೋಡುಪಾಲದ ಬಳಿ ರಸ್ತೆ ಕೊಚ್ಚಿಹೋದಾಗ ಮಂಗಳೂರಿನ ಕಡೆಯ ನೆಂಟಸ್ತಿಕೆ, ಆಸ್ಪತ್ರೆ, ಕಾಲೇಜು, ಮೀನು ಎಲ್ಲಕ್ಕೂ ಸುತ್ತು ಬಳಸಿನ ದಾರಿಯೇ ಗತಿಯಾಯಿತು. ಏಣಿನ ಮೇಲಿನ ಊರಿಗೆ ರಸ್ತೆ ಅಂದರೆ ಉಸಿರು ಅನ್ನುವುದು ಆಗ ಎಲ್ಲರಿಗೂ ತಿಳಿಯಿತು.

ಊರನ್ನು ಅದರ ನಿಜ ರೂಪದಲ್ಲಿ ನೋಡಬೇಕಾದರೆ ಶನಿವಾರ, ಭಾನುವಾರ ಬರಬೇಡಿ. ಶುಕ್ರವಾರ ಬನ್ನಿ, ಅವತ್ತು ಸಂತೆ. ಬೆಳಿಗ್ಗೆಯೇ ಹಳ್ಳಿಯ ಬಸ್ಸುಗಳು ತುಂಬಿ ಬರುತ್ತವೆ. ಕೈಯಲ್ಲಿ ಕೊಡೆ, ಬಗಲಲ್ಲಿ ಮಡಚಿದ ಚೀಲ, ಜೇಬಿನಲ್ಲಿ ಪಹಣಿಯ ಪ್ರತಿ. ಮೊದಲು ಕಚೇರಿ ಕೆಲಸ, ಆಮೇಲೆ ಬ್ಯಾಂಕು, ಕೊನೆಗೆ ಸಂತೆ. ತರಕಾರಿ ರಾಶಿಯ ಮುಂದೆ ಐದು ನಿಮಿಷ ನಿಂತರೆ ಸಾಕು. ವ್ಯಾಪಾರಿ ಒಬ್ಬರ ಜೊತೆ ಮಲಯಾಳ ಆಡುತ್ತಾನೆ. ಮುಂದಿನವರು ಬಂದರೆ ಕೊಡವ ತಕ್ಕ್. ಆಮೇಲೆ ಬಂದವರಿಗೆ ಅರೆಭಾಷೆ, ಪಕ್ಕದ ಅಂಗಡಿಯವನಿಗೆ ತುಳು. "ಅಕ್ಕಾ, ಸೂಜಿ ಮೆಣಸು ಎಂತ ರೇಟು?" ಅನ್ನುವ ಕನ್ನಡ ಎಲ್ಲರ ನಡುವೆ ಓಡಾಡುತ್ತಿರುತ್ತದೆ. ಲೈನ್ ಮನೆಗಳ ತೋಟದ ಕೆಲಸಗಾರರು ವಾರದ ಸಾಮಾನು ಕಟ್ಟಿಸುತ್ತಾರೆ. ಸಂಜೆಯಾದರೆ ಎಲ್ಲರಿಗೂ ಬಸ್ಸಿನ ಚಿಂತೆ. ಕೊನೆಯ ಬಸ್ಸು ತಪ್ಪಿದರೆ ಬಾಡಿಗೆ ಜೀಪು ಅಥವಾ ನೆಂಟರ ಮನೆ. ಹಾಗಾಗಿ ಎಂಟು ಗಂಟೆಗೆಲ್ಲ ಪೇಟೆ ಖಾಲಿಯಾಗುತ್ತಾ ಬರುತ್ತದೆ.

ವರ್ಷಕ್ಕೊಂದು ರಾತ್ರಿ ಮಾತ್ರ ಈ ನಿಯಮ ಇಲ್ಲ. ಅರಸರ ಕಾಲದಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಮಾರಿಯಮ್ಮನ ಕರಗ ಹೊರಡಿಸಿದ್ದು ಮಡಿಕೇರಿ ದಸರಾದ ಮೂಲ ಅನ್ನುತ್ತಾರೆ. ಇಂದಿಗೂ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ ಈ ನಾಲ್ಕು ದೇವಸ್ಥಾನದ ಕರಗಗಳು ಪಂಪಿನಕೆರೆಯಿಂದ ಹೊರಟು ನವರಾತ್ರಿಯ ಉದ್ದಕ್ಕೂ ಮನೆ ಮನೆ ಸುತ್ತುತ್ತವೆ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ದೀಪ, ಚಲಿಸುವ ಮೂರ್ತಿಗಳ ಸಮೇತ ಬೆಳಗಿನ ತನಕ ಮೆರವಣಿಗೆ ಹೋಗುತ್ತವೆ. ಇಷ್ಟು ಕಡಿದಾದ, ಇಕ್ಕಟ್ಟಾದ ರಸ್ತೆಯಲ್ಲಿ ಅಷ್ಟು ದೊಡ್ಡ ಮಂಟಪವನ್ನು ತಿರುಗಿಸುವ ಚಾಲಕರ ಕೈಚಳಕ ನೋಡಿಯೇ ತಿಳಿಯಬೇಕು.

ಈಗ ಭಾರ ಸ್ವಲ್ಪ ಹಂಚಿಕೆಯಾಗುತ್ತಿದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರೇ ಇದ್ದ ತಾಲ್ಲೂಕು ಪೊನ್ನಂಪೇಟೆ, ಕುಶಾಲನಗರ ಸೇರಿ ಐದಾಗಿವೆ. ಕುಟ್ಟದವರಿಗೆ ತಾಲ್ಲೂಕು ಕಚೇರಿ ಪೊನ್ನಂಪೇಟೆಯಲ್ಲೇ ಸಿಗುತ್ತದೆ. ಹಳೆಯ ಅರಮನೆಯಲ್ಲಿದ್ದ ಕಚೇರಿಗಳು ಬೇರೆ ಕಟ್ಟಡ ಸೇರಿವೆ. ಇನ್ನು ಮೇಲೆ ಕಟ್ಟುವ ದೊಡ್ಡ ಕಟ್ಟಡಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಕೋರ್ಟು, ಜಿಲ್ಲಾ ಕಚೇರಿ ಇಲ್ಲೇ ಇರಲಿ. ಆದರೆ ಗೋದಾಮು, ತರಬೇತಿ ಕೇಂದ್ರ, ನೂರಾರು ಕೋಣೆಯ ಹೋಟೆಲಿಗೆ ಇನ್ನೊಂದು ಗುಡ್ಡದ ಬುಡ ಕಡಿಯುವುದು ಬೇಡ. ಕುಶಾಲನಗರದ ಕಡೆ ನೆಲ ಸಮತಟ್ಟಾಗಿದೆ, ಮಳೆ ಕಡಿಮೆ, ಕಾವೇರಿ ಪಕ್ಕದಲ್ಲೇ ಹರಿಯುತ್ತದೆ, ಹೆದ್ದಾರಿಯೂ ಇದೆ.